ಮುಂದೇನಾಗ್ತದ ಹೇಳ್ರಿ! ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಒಬ್ಬರು "ಫ್ಯಾಂಟಸಿ ಸರಣಿ ಯಾವುದರಿಂದ ಶುರು ಮಾಡಲಿ" ಅಂತ ಕೇಳಿದ್ದರು. ನಾಲ್ಕು ಸಾಲಿನ ಉತ್ತರ ಕೊಟ್ಟು ಮುಗಿಸಿದ್ದೆ. ಆಮೇಲೆ ಬಂದ ಪತ್ರ, ಮೆಸೇಜು ನೋಡಿದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಮನೆಯಲ್ಲಿ ಡ್ರ್ಯಾಗನ್ ಸಾಕಿಕೊಂಡವರು ಇಷ್ಟು ಮಂದಿ ಇದ್ದಾರಾ ಅನಿಸಿತು. ಎಲ್ಲರದೂ ಒಂದೇ ಗದ್ದಲ. ಮುಂದೆ ಏನಾಗುತ್ತದೆ, ಯಾರು ಯಾರ ಮಗ, ಸತ್ತವನು ನಿಜಕ್ಕೂ ಸತ್ತನಾ. ಹಾಗಾಗಿ ಈ ಸಲದ ಇಡೀ ಅಂಕಣ ಇದಕ್ಕೇ.

ಒಂದು ಎಚ್ಚರಿಕೆ. ಹ್ಯಾರಿ ಪಾಟರ್, ಎ ಸಾಂಗ್ ಆಫ್ ಐಸ್ ಆಂಡ್ ಫೈರ್ (ಟೀವಿಯಲ್ಲಿ ಗೇಮ್ ಆಫ್ ಥ್ರೋನ್ಸ್ ಆಗಿ ಬಂದದ್ದು), ದಿ ವ್ಹೀಲ್ ಆಫ್ ಟೈಮ್, ಈ ಮೂರರ ಗುಟ್ಟೂ ಕೆಳಗೆ ಬಯಲಾಗುತ್ತವೆ. ಓದಬೇಕು ಅಂದುಕೊಂಡು ಇನ್ನೂ ಓದದವರು ಸೀದಾ ಅಡುಗೆ ಪುಟಕ್ಕೆ ಹೋಗಿ. ಆಮೇಲೆ ನನ್ನನ್ನು ಬೈಯಬೇಡಿ.

ಪ್ರಶ್ನೆ: ಅಕ್ಕಾರ, ನಾವು ನಾಲ್ಕು ಮಂದಿ ಗೆಳೆಯರು ಹಾಸ್ಟೆಲ್‌ನಲ್ಲಿ ಒಂದೇ ಸೆಟ್ ಪುಸ್ತಕ ಹಂಚಿಕೊಂಡು ಓದುತ್ತೇವೆ. ಮುಂದೇನಾಗುತ್ತದೆ ಅಂತ ಒಬ್ಬೊಬ್ಬನದು ಒಂದೊಂದು ಥಿಯರಿ, ಅಂದರೆ ಊಹೆ. ರಾತ್ರಿ ಊಟದ ಹೊತ್ತಿಗೆ ಜಗಳ ಗ್ಯಾರಂಟಿ. ಯಾವ ಥಿಯರಿ ಗಟ್ಟಿ, ಯಾವುದು ಬುರುಡೆ ಅಂತ ತಿಳಿಯೋದು ಹೇಗೆ?
(ಡಿಗ್ರಿ ವಿದ್ಯಾರ್ಥಿ, ವಿಜಯಪುರ)

ಉತ್ತರ: ತಮ್ಮಾ, ಒಂದೇ ಪರೀಕ್ಷೆ ಸಾಕು. ನಿನ್ನ ಥಿಯರಿ ಇಲ್ಲದೇ ಹೋದರೆ ಪುಸ್ತಕದ ಯಾವ ಸಾಲು ಕೆಲಸವಿಲ್ಲದೆ ಸುಮ್ನೆ ಬಿದ್ದಿರುತ್ತದೆ? ಅಂಥ ಸಾಲನ್ನು ಬೆರಳಿಟ್ಟು ತೋರಿಸಿದರೆ ಥಿಯರಿ ಗಟ್ಟಿ. ತೋರಿಸೋಕೆ ಆಗದಿದ್ದರೆ ಅದು ನಿನ್ನ ಆಸೆ, ಅಷ್ಟೇ.

ಜಾನ್ ಸ್ನೋ ವಿಷಯವನ್ನೇ ತಗೋ. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಎ ಸಾಂಗ್ ಆಫ್ ಐಸ್ ಆಂಡ್ ಫೈರ್ ಸರಣಿಯ ಮೊದಲ ಪುಸ್ತಕ ಬಂದದ್ದು 1996ರಲ್ಲಿ. ಅದರಲ್ಲಿ ನೆಡ್ ಸ್ಟಾರ್ಕ್ ಅಂತ ಒಬ್ಬ ಮರ್ಯಾದಸ್ಥ. ಯುದ್ಧ ಮುಗಿಸಿ ಬರುವಾಗ ಒಂದು ಕೂಸನ್ನು, ಅದೇ ಈ ಜಾನ್, ಎತ್ತಿಕೊಂಡು ಬರುತ್ತಾನೆ, ನನ್ನದೇ ಅಂತ ಸಾಕುತ್ತಾನೆ, ತಾಯಿ ಯಾರು ಅಂತ ಹೆಂಡತಿಗೂ ಹೇಳುವುದಿಲ್ಲ. "ಇಂಥ ಒಳ್ಳೆಯವನು ಹೀಗೆ ಮಾಡ್ತಾನಾ" ಅನ್ನೋದು ಬರೀ ಅನುಮಾನ, ಇನ್ನೂ ಥಿಯರಿ ಅಲ್ಲ. ಮುಂದೆ ನೋಡು. ಹೆಂಡತಿ ಕೆದಕಿ ಕೇಳಿದಾಗ ಅವನು ಜಾನ್‌ನನ್ನು ಮಗ ಅನ್ನುವುದಿಲ್ಲ. ಅವನು ನನ್ನ ರಕ್ತ, ನಿನಗೆ ಅಷ್ಟು ಗೊತ್ತಿದ್ದರೆ ಸಾಕು ಅಂತ ಬಾಯಿ ಮುಚ್ಚಿಸುತ್ತಾನೆ. ತಂಗಿಯ ಮಗನೂ ರಕ್ತವೇ ಅಲ್ವಾ?

ಆಮೇಲೆ ಬರುತ್ತದೆ ಆ ಗೋಪುರದ ಕನಸು. ನೆಡ್ ಗಾಯವಾಗಿ ಮಲಗಿದಾಗ ಕಾಣುವ ಹಳೆಯ ನೆನಪು. ಗೋಪುರದ ಮುಂದೆ ರಾಜನ ಕಾವಲುಪಡೆಯ ಮೂವರು ನಿಂತಿದ್ದಾರೆ. ಒಳಗೆ ಅವನ ತಂಗಿ ಲಯಾನಾ ಸಾಯುತ್ತಿದ್ದಾಳೆ. ಕೋಣೆಯಲ್ಲಿ ರಕ್ತದ ವಾಸನೆ, ಗುಲಾಬಿಯ ವಾಸನೆ. ಅವಳು ಅಣ್ಣನ ಹತ್ತಿರ ಏನೋ ಮಾತು ತಗೊಳ್ಳುತ್ತಾಳೆ, ಏನು ಅಂತ ಹೇಳುವುದಿಲ್ಲ. ಈಗ ಲೆಕ್ಕ ಹಾಕು. ರಾಜ ಸತ್ತಾಗಿದೆ, ಯುವರಾಜ ರೇಗರ್ ಸತ್ತಾಗಿದೆ, ಯುದ್ಧವೂ ಮುಗಿದಿದೆ. ರಾಜನನ್ನೂ ರಾಜನ ಮನೆಯವರನ್ನೂ ಕಾಯೋದೇ ಕಸುಬಾಗಿರುವ ಮೂವರು ದೊಡ್ಡ ಯೋಧರು, ಅದರಲ್ಲೂ ಒಬ್ಬ ಆ ಪಡೆಯ ಮುಖ್ಯಸ್ಥ, ಊರಿಲ್ಲ ಕೇರಿಯಿಲ್ಲ ಅನ್ನುವಂಥ ಜಾಗದಲ್ಲಿ ಒಂದು ಗೋಪುರ ಕಾಯುತ್ತಾ ಯಾಕೆ ಪ್ರಾಣ ಬಿಡಬೇಕು? ಒಳಗೆ ರಾಜವಂಶದ ಕುಡಿ ಇದ್ದರೆ ಮಾತ್ರ ಆ ದೃಶ್ಯಕ್ಕೆ ಅರ್ಥ. ಅಂದರೆ ಜಾನ್, ರೇಗರ್ ಮತ್ತು ಲಯಾನಾಳ ಮಗ. ಇದನ್ನು ಓದುಗರು 90ರ ದಶಕದಲ್ಲೇ ಹಿಡಿದಿದ್ದರು. ಟೀವಿಯಲ್ಲಿ ಬಯಲಾಗಿದ್ದು 2016ರಲ್ಲಿ. ಪುಸ್ತಕದಲ್ಲಿ ಇನ್ನೂ ಬಾಯಿಬಿಟ್ಟು ಹೇಳಿಲ್ಲ. ಟೀವಿ ಸರಣಿ ಮಾಡುತ್ತೇವೆ ಅಂತ ಬಂದ ಡೇವಿಡ್ ಬೆನಿಯಾಫ್, ಡಿ. ಬಿ. ವೈಸ್ ಇಬ್ಬರಿಗೂ ಮಾರ್ಟಿನ್ ಕೇಳಿದ್ದು ಇದೇ ಪ್ರಶ್ನೆ, ಜಾನ್‌ನ ತಾಯಿ ಯಾರು ಅಂತ. ಸರಿಯಾಗಿ ಹೇಳಿದ್ದರಿಂದಲೇ ಕೆಲಸ ಸಿಕ್ಕಿತು ಅಂತ ಅವರೇ ಹೇಳಿಕೊಂಡಿದ್ದಾರೆ.

ಇನ್ನೊಂದು ಇದಕ್ಕಿಂತ ಚಂದ. ಹ್ಯಾರಿ ಪಾಟರ್‌ನ ಆರನೆಯ ಪುಸ್ತಕ 2005ರಲ್ಲಿ ಬಂತು. ಕೊನೆಗೆ ಒಂದು ಲಾಕೆಟ್ ಸಿಗುತ್ತದೆ, ನಕಲಿ, ಒಳಗೊಂದು ಚೀಟಿ, ಕೆಳಗೆ ಆರ್.ಎ.ಬಿ. ಅಂತ ಮೂರೇ ಅಕ್ಷರ. ಯಾರಿದು? ಓದುಗರು ಹಿಂದಿನ ಪುಸ್ತಕ ತೆಗೆದರು. ಐದನೆಯದರಲ್ಲಿ ಸಿರಿಯಸ್ ಬ್ಲ್ಯಾಕ್‌ನ ಹಳೇ ಮನೆ ತೊಳೆದು ಬಳಿದು ಮಾಡುವ ದೃಶ್ಯ ಇದೆ. ಕಪಾಟಿನಿಂದ ಬೇಡದ ಸಾಮಾನು ತೆಗೆದು ಎಸೆಯುವಾಗ, ಯಾರಿಗೂ ತೆರೆಯೋಕೆ ಬಾರದ ಒಂದು ಭಾರದ ಲಾಕೆಟ್ ಇತ್ತು ಅಂತ ಹೋಗ್ತಾ ಹೋಗ್ತಾ ಒಂದು ಮಾತು ಬರುತ್ತದೆ. ಅಷ್ಟೇ. ಅದೇ ಪುಸ್ತಕದಲ್ಲಿ ಸಿರಿಯಸ್‌ನ ಸತ್ತ ತಮ್ಮ ರೆಗ್ಯುಲಸ್‌ನ ಹೆಸರೂ ಇದೆ. ರೆಗ್ಯುಲಸ್ ಬ್ಲ್ಯಾಕ್. ಎರಡೂ ಜೋಡಿಸಿದರೆ ಮುಗೀತು. 2007ರಲ್ಲಿ ಕೊನೆಯ ಪುಸ್ತಕ ಬಂದಾಗ ಅವರ ಊಹೆ ಅಕ್ಷರಕ್ಷರ ನಿಜವಾಗಿತ್ತು. ಆ ಒಂದು ಸಾಲು ಸುಮ್ನೆ ಬಿದ್ದಿರಲಿಲ್ಲ ನೋಡು.

ಬುರುಡೆ ಹೇಗಿರುತ್ತದೆ ಅಂದರೆ, ಹ್ಯಾರಿಯ ಗೆಳೆಯ ರಾನ್ ವೀಸ್ಲಿಯೇ ಕಾಲದಲ್ಲಿ ಹಿಂದಕ್ಕೆ ಹೋಗಿ ಅವರ ಶಾಲೆಯ ಮುದಿ ಹೆಡ್‌ಮಾಸ್ತರ್ ಡಂಬಲ್ಡೋರ್ ಆಗಿದ್ದಾನೆ ಅಂತ ಒಂದು ಥಿಯರಿ ಓಡಾಡುತ್ತಿತ್ತು. ಇಬ್ಬರೂ ಉದ್ದ, ಇಬ್ಬರದೂ ಮೂಗು ಉದ್ದ, ಕೂದಲು ಕೆಂಪು. ಹೀಗೆ ಲೆಕ್ಕ ಹಾಕಿದರೆ ನಮ್ಮ ಓಣಿಯಲ್ಲಿ ಅರ್ಧ ಮಂದಿ ಇನ್ನರ್ಧ ಮಂದಿಯ ಮುತ್ತಜ್ಜ ಆಗಿಬಿಡುತ್ತಾರೆ. ಹೋಲಿಕೆ ಬೇರೆ, ಸುಳಿವು ಬೇರೆ. ನೀವು ನಾಲ್ವರೂ ಇನ್ನು ಮೇಲೆ ಜಗಳಕ್ಕೆ ಕೂರುವಾಗ ಪುಟದ ನಂಬರ್ ಇಲ್ಲದೆ ಬಾಯಿ ತೆರೆಯಬಾರದು ಅಂತ ಒಂದು ಕಾನೂನು ಮಾಡಿಕೊಳ್ಳಿ.

ಪ್ರಶ್ನೆ: ಗೇಮ್ ಆಫ್ ಥ್ರೋನ್ಸ್ ಟೀವಿಯಲ್ಲಿ ತೋರಿಸಿದ್ದೇ ಪುಸ್ತಕದ ಉತ್ತರ ಅಂತ ಒಪ್ಪಿಕೊಂಡುಬಿಡಬೇಕಾ? ಸರಣಿ ಮುಗಿದು ಎಷ್ಟೋ ವರ್ಷ ಆಯ್ತು. ಪುಸ್ತಕ ಬರೋ ಲಕ್ಷಣ ಕಾಣ್ತಿಲ್ಲ.
(ಟಿಳಕವಾಡಿ, ಬೆಳಗಾವಿ)

ಉತ್ತರ: ಒಪ್ಪಬೇಕಿಲ್ಲ. ಐದನೆಯ ಪುಸ್ತಕ ಬಂದದ್ದು 2011ರಲ್ಲಿ, ಟೀವಿ ಸರಣಿ ಮುಗಿದದ್ದು 2019ರಲ್ಲಿ. ದೊಡ್ಡ ದೊಡ್ಡ ಸಂಗತಿಗಳು ಎಲ್ಲಿಗೆ ಹೋಗಿ ಮುಟ್ಟುತ್ತವೆ ಅಂತ ಮಾರ್ಟಿನ್ ಟೀವಿಯವರಿಗೆ ಹೇಳಿದ್ದರು, ನಿಜ. ಆದರೆ ದಾರಿ ಬೇರೆಯೇ ಆಗಿತ್ತು. ನೆಡ್‌ನ ಹೆಂಡತಿ, ಸತ್ತ ಕ್ಯಾಟ್ಲಿನ್ ಸ್ಟಾರ್ಕ್ ಮೂರನೆಯ ಪುಸ್ತಕದ ಕೊನೆಯ ಪುಟಗಳಲ್ಲಿ ಎದ್ದು ಬರುತ್ತಾಳೆ, ಸೇಡು ತೀರಿಸಿಕೊಳ್ಳುತ್ತಾ ಅಲೆಯುತ್ತಾಳೆ. ಟೀವಿಯಲ್ಲಿ ಅವಳು ಸತ್ತಳು, ಅಷ್ಟೇ, ಮುಗೀತು. ಇಂಥ ಒಂದು ಪಾತ್ರವನ್ನು ತೆಗೆದ ಮೇಲೆ ಅದರ ಹಿಂದೆ ಹೋಗುವ ಎಷ್ಟು ಜನರ ಕಥೆ ಬದಲಾಗಬೇಕು, ಯೋಚಿಸಿ.

ನನಗೆ ಇದರಲ್ಲಿ ಬಹಳ ಇಷ್ಟವಾದದ್ದು ತಣ್ಣನೆಯ ಕೈಯವನ ಪ್ರಕರಣ. ಪುಸ್ತಕದಲ್ಲಿ ಕೋಲ್ಡ್‌ಹ್ಯಾಂಡ್ಸ್ ಅಂತ ಒಬ್ಬ ಮುಖ ಮುಚ್ಚಿಕೊಂಡ ಸವಾರ ಇದ್ದಾನೆ. ಹಿಮದ ನಾಡಿನಲ್ಲಿ ನೆಡ್‌ನ ಮಗ ಬ್ರಾನ್‌ಗೆ ದಾರಿ ತೋರಿಸುತ್ತಾನೆ. ಅವನು ಬ್ರಾನ್‌ನ ಕಳೆದುಹೋದ ಕಾಕಾ ಬೆಂಜನ್ನೇ ಇರಬೇಕು ಅಂತ ಓದುಗರೆಲ್ಲ ತೀರ್ಮಾನ ಮಾಡಿದ್ದರು. ಮಾರ್ಟಿನ್ ತಮ್ಮ ಹಸ್ತಪ್ರತಿಗಳನ್ನು ಅಮೆರಿಕದ ಟೆಕ್ಸಸ್ ಎ ಆಂಡ್ ಎಮ್ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೊಟ್ಟಿದ್ದಾರೆ. ಅಲ್ಲಿ ಐದನೆಯ ಪುಸ್ತಕದ ಪ್ರತಿ ತಿರುವಿ ನೋಡಿದರೆ ಪುಟದ ಅಂಚಿನಲ್ಲಿ ಸಂಪಾದಕಿ "ಇವನು ಬೆಂಜನ್ನಾ?" ಅಂತ ಕೇಳಿದ್ದಾರೆ, ಪಕ್ಕದಲ್ಲಿ ಮಾರ್ಟಿನ್ "ಇಲ್ಲ" ಅಂತ ಬರೆದಿದ್ದಾರೆ. ಥಿಯರಿ ಸತ್ತೇಹೋಯಿತು. ಆದರೆ 2016ರಲ್ಲಿ ಟೀವಿಯವರು ಬ್ರಾನ್‌ನನ್ನು ಕಾಪಾಡೋಕೆ ಬಂದವನ ಮುಸುಕು ತೆಗೆಸಿದರೆ ಒಳಗೆ ಬೆಂಜನ್! ಒಂದೇ ಊಹೆ, ಪುಸ್ತಕದಲ್ಲಿ ಸುಳ್ಳು, ಟೀವಿಯಲ್ಲಿ ನಿಜ. ಈಗ ನೀವೇ ಹೇಳಿ, ಟೀವಿ ಮೇಲೆ ಭರವಸೆ ಇಡೋದು ಹೇಗೆ?

ಪ್ರಶ್ನೆ: ನಾನು ಮುಧೋಳದವನು, ಕನ್ನಡ ಪಾಠ ಹೇಳಿ ನಿವೃತ್ತನಾದವನು. ನನ್ನ ಮೊಮ್ಮಕ್ಕಳು ಪುಸ್ತಕ ಹಿಡಿದರೆ "ಮುಂದೇನು, ಮುಂದೇನು" ಅನ್ನೋದೊಂದೇ. ಇದರಿಂದ ಓದುವ ರುಚಿ ಹಾಳಾಗುವುದಿಲ್ಲವೇ? ನಮ್ಮೂರಿನ ರನ್ನನ ಗದಾಯುದ್ಧದಲ್ಲಿ ಯಾವ ಟ್ವಿಸ್ಟ್ ಇದೆ? ಕಥೆ ಎಲ್ಲರಿಗೂ ಗೊತ್ತು. ಸಾವಿರ ವರ್ಷ ಆದರೂ ಓದುತ್ತಿಲ್ಲವೇ?
(ನಿವೃತ್ತ ಶಿಕ್ಷಕರು, ಮುಧೋಳ)

ಉತ್ತರ: ಗುರುಗಳೇ, ರನ್ನನನ್ನೇ ಎಳೆದು ತಂದಿರಿ. ಇನ್ನು ನಾನು ಸುಮ್ನಿರೋ ಹಾಗಿಲ್ಲ.

ನೀವು ಹೇಳಿದ್ದು ಅರ್ಧ ಸರಿ. ರನ್ನ ಮಹಾಭಾರತವನ್ನು ಮೊದಲಿಂದ ಹೇಳುತ್ತಾ ಕೂರಲಿಲ್ಲ. ಯುದ್ಧದ ಕೊನೆಯ ದಿನಕ್ಕೆ ಬಂದು ನಿಂತು, ಸಿಂಹ ಹಿಂತಿರುಗಿ ನೋಡುವ ಹಾಗೆ ಹಿಂದಿನದೆಲ್ಲ ನೋಡುತ್ತಾನೆ. ದುರ್ಯೋಧನ ಸೋಲುತ್ತಾನೆ ಅಂತ ಮೊದಲ ಪದ್ಯ ಓದುವ ಮುಂಚೆಯೇ ಗೊತ್ತು. ಆದರೂ ನಮ್ಮನ್ನು ಹಿಡಿದು ಕೂರಿಸುತ್ತಾನಲ್ಲ, ಹೇಗೆ? ಸಂಜಯನ ಜೊತೆ ರಣರಂಗದಲ್ಲಿ ಹೆಣಗಳ ನಡುವೆ ನಡೆಯುವ ದುರ್ಯೋಧನನನ್ನು ತೋರಿಸುತ್ತಾನೆ. ತಮ್ಮ ದುಶ್ಶಾಸನನ ಹೆಣ, ಕರ್ಣನ ಹೆಣ. ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೂ ಅವನು ನಿಂತು ಮೆಚ್ಚುತ್ತಾನೆ. ಕಡೆಗೆ ವೈಶಂಪಾಯನ ಸರೋವರದಲ್ಲಿ ಅಡಗಿ ಕೂತಾಗ, ದಡದಲ್ಲಿ ಭೀಮನ ಅಬ್ಬರ ಕೇಳಿ ನೀರಿನೊಳಗೇ ಬೆವರುತ್ತಾನೆ. ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಬರೆದ ಕಾವ್ಯ ಇದು. ಅಂದರೆ ನಾಯಕ ಭೀಮನೇ. ಓದಿ ಮುಗಿಸಿದಾಗ ಮನಸ್ಸಿನಲ್ಲಿ ಉಳಿಯುವವನು ಯಾರು? ದುರ್ಯೋಧನ. ಟ್ವಿಸ್ಟ್ ಇಲ್ಲ ಅಂದಿರಲ್ಲ ಗುರುಗಳೇ, ಇದಕ್ಕಿಂತ ದೊಡ್ಡದು ಯಾವುದು ಬೇಕು?

ಈಗ ನಿಮ್ಮ ಮೊಮ್ಮಕ್ಕಳ ಪರ ಎರಡು ಮಾತು. "ಮುಂದೇನು" ಅಂತ ಊಹೆ ಕಟ್ಟುವ ಹುಡುಗರು ಒಂದೇ ಪುಸ್ತಕವನ್ನು ಮತ್ತೆ ಮತ್ತೆ ಓದುತ್ತಾರೆ, ಸಾಲು ಸಾಲು ಬಿಡಿಸುತ್ತಾರೆ. ನಾವು ಕಾಲೇಜಿನಲ್ಲಿ ಹಳಗನ್ನಡ ಪದ್ಯವನ್ನು ಇಷ್ಟು ಆಸೆಯಿಂದ ಬಿಡಿಸಿದ್ದೆವಾ? ಹ್ಯಾರಿ ಪಾಟರ್ ಆರನೆಯ ಪುಸ್ತಕದಲ್ಲಿ ಸ್ನೇಪ್ ಎಂಬ ಗುರು, ತನ್ನ ಹಿರಿಯ ಡಂಬಲ್ಡೋರ್‌ನನ್ನು ಕೊಲ್ಲುತ್ತಾನೆ. ಕೊಲ್ಲುವಾಗ ಅವನ ಮುಖದಲ್ಲಿ ದ್ವೇಷ, ಅಸಹ್ಯ ತುಂಬಿತ್ತು ಅಂತ ಬರೆದಿದೆ. ಓದಿದವರೆಲ್ಲ ದ್ರೋಹಿ ಅಂದರು. ಕೆಲವರು ಮಾತ್ರ ಒಂದು ಅಧ್ಯಾಯ ಹಿಂದಕ್ಕೆ ಹೋದರು. ಅಲ್ಲಿ ಗುಹೆಯೊಳಗೆ ಹ್ಯಾರಿ ಅದೇ ಡಂಬಲ್ಡೋರ್‌ಗೆ, ಅವರೇ ಕೊಟ್ಟ ಆಜ್ಞೆಯ ಪ್ರಕಾರ, ಬೇಡ ಬೇಡ ಅಂತ ಅಳುತ್ತಿದ್ದರೂ ಬಟ್ಟಲು ಬಟ್ಟಲು ವಿಷದಂಥ ಮದ್ದು ಕುಡಿಸುತ್ತಾನೆ. ಆಗ ಅವನಿಗೂ ದ್ವೇಷ, ಅಸಹ್ಯ. ಯಾರ ಮೇಲೆ? ತನ್ನ ಮೇಲೆಯೇ. ಹಾಗಾದರೆ ಸ್ನೇಪ್‌ನ ಮುಖದಲ್ಲಿದ್ದ ದ್ವೇಷವೂ ತನ್ನ ಮೇಲಿನದೇ ಆಗಿರಬಹುದಲ್ಲ, ಅವನೂ ಆಜ್ಞೆ ಪಾಲಿಸುತ್ತಿರಬಹುದಲ್ಲ? ಹಾಗೇ ಆಯಿತು. ಇಷ್ಟು ಸೂಕ್ಷ್ಮವಾಗಿ ಓದುವ ಮಗುವಿನ ಕೈಗೆ ನೀವು ಗದಾಯುದ್ಧ ಕೊಟ್ಟು, ಕುರುಕ್ಷೇತ್ರದ ಕೊನೆಯ ದಿನದಿಂದ ಶುರುವಾಗುವ ಕಥೆ ಇದು, ಇದರಲ್ಲಿ ನಿಜವಾದ ಹೀರೋ ಯಾರು ಕಂಡುಹಿಡಿ ಅನ್ನಿ. ಮೊಮ್ಮಗ ಒಂದು ಥಿಯರಿ ತಗೊಂಡೇ ಬರುತ್ತಾನೆ. ಏನಂದ ಅಂತ ನನಗೂ ಬರೆದು ಕಳಿಸಿ.

ಪ್ರಶ್ನೆ: ನನ್ನ ಮಗಳು ಪಿಯುಸಿ ಎರಡನೇ ವರ್ಷ, ಸೈನ್ಸ್. ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಯಾವುದೋ ರಾಜಮನೆತನದ ವಂಶವೃಕ್ಷ ಬರೆದಿದ್ದಾಳೆ! ಪರೀಕ್ಷೆ ಹತ್ತಿರ ಬಂತು. ಪುಸ್ತಕ ಕಸಿದುಕೊಳ್ಳಲಾ?
(ನವನಗರ, ಬಾಗಲಕೋಟೆ)

ಉತ್ತರ: ಕಸಿದುಕೊಂಡರೆ ಆಮೇಲೆ ಮೊಬೈಲಿನಲ್ಲಿ ಓದುತ್ತಾಳೆ, ನಿಮಗೆ ಗೊತ್ತೂ ಆಗುವುದಿಲ್ಲ. ಪುಸ್ತಕ ನೀವೇ ಇಟ್ಟುಕೊಂಡು, ಕೊನೆಯ ಪೇಪರ್ ಮುಗಿದ ಸಂಜೆ ಕೊಡುತ್ತೇನೆ ಅಂತ ಮಾತಾಡಿಕೊಳ್ಳಿ. ಅಲ್ಲಿಯವರೆಗೆ ಊಟಕ್ಕೆ ಕೂತಾಗ ಮಾತ್ರ ಥಿಯರಿ. ಅಂದಹಾಗೆ ನಾಲ್ಕು ತಲೆಮಾರಿನ ವಂಶವೃಕ್ಷ ಬಾಯಿಪಾಠ ಮಾಡಿದ ಹುಡುಗಿಗೆ ಬಯಾಲಜಿ ಕಷ್ಟವಾಗಬಾರದು, ಇದನ್ನು ಅವಳಿಗೆ ಹೇಳಿ ನೋಡಿ.

ಪ್ರಶ್ನೆ: ಸರಣಿ ಮುಗಿಯದೇ ಲೇಖಕರು ತೀರಿಹೋದರೆ ಗತಿ ಏನು? ಈ ಭಯಕ್ಕೆ ನಾನು ಮುಗಿಯದ ಸರಣಿಗೆ ಕೈ ಹಾಕುವುದೇ ಇಲ್ಲ.
(ಜಮಖಂಡಿ)

ಉತ್ತರ: ಭಯ ಸುಳ್ಳಲ್ಲ. ರಾಬರ್ಟ್ ಜಾರ್ಡನ್ ಅವರ ದಿ ವ್ಹೀಲ್ ಆಫ್ ಟೈಮ್ 1990ರಲ್ಲಿ ಶುರುವಾಯಿತು. 2007ರಲ್ಲಿ ಅವರು ತೀರಿಕೊಂಡಾಗ ಕಥೆ ಇನ್ನೂ ಬಾಕಿ ಇತ್ತು. ಅವರ ಹೆಂಡತಿ, ಅವರ ಪುಸ್ತಕಗಳ ಸಂಪಾದಕಿಯೂ ಅವರೇ, ಬ್ರಾಂಡನ್ ಸ್ಯಾಂಡರ್ಸನ್ ಎಂಬ ಯುವ ಲೇಖಕರನ್ನು ಕರೆದು ಟಿಪ್ಪಣಿಗಳನ್ನೆಲ್ಲ ಒಪ್ಪಿಸಿದರು. 14ನೆಯ, ಕೊನೆಯ ಪುಸ್ತಕ 2013ರ ಜನವರಿಯಲ್ಲಿ ಬಂತು.

ಇದರಲ್ಲಿ ಅಸ್ಮೋಡಿಯನ್ ಅಂತ ಒಬ್ಬನ ಕೊಲೆ ಇದೆ. 1993ರಲ್ಲಿ ಬಂದ ಐದನೆಯ ಪುಸ್ತಕದ ಕೊನೆಯಲ್ಲಿ ಅವನು ಒಂದು ಬಾಗಿಲು ತೆರೆಯುತ್ತಾನೆ, ಎದುರಿಗೆ ಯಾರನ್ನೋ ನೋಡಿ "ನೀನಾ? ಬೇಡ!" ಅನ್ನುತ್ತಾನೆ, ಸಾಯುತ್ತಾನೆ. ಕೊಂದವರು ಯಾರು? ಸುಳಿವು ಪುಸ್ತಕದಲ್ಲೇ ಇದೆ ಅಂತ ಜಾರ್ಡನ್ ಹೇಳುತ್ತಿದ್ದರು, ಹೆಸರು ಮಾತ್ರ ಹೇಳಲಿಲ್ಲ. ಓದುಗರು ಒಬ್ಬರ ಮೇಲೊಬ್ಬರು ಅನುಮಾನ ಪಟ್ಟು ವರ್ಷಗಟ್ಟಲೆ ಕಿತ್ತಾಡಿದರು. ಕಡೆಗೆ ಉತ್ತರ ಸಿಕ್ಕಿದ್ದು 2010ರಲ್ಲಿ, ಅದೂ ಕಥೆಯಲ್ಲಲ್ಲ, ಪುಸ್ತಕದ ಹಿಂದೆ ಕೊಡುವ ಹೆಸರು ಮತ್ತು ಪದಗಳ ಪಟ್ಟಿಯಲ್ಲಿ, ಗ್ರೆಂಡಾಲ್ ಎಂಬ ಖಳನಾಯಕಿ ಕೊಂದಳು ಅಂತ ಒಂದು ಮಾತು! 17 ವರ್ಷದ ಜಗಳಕ್ಕೆ ಹೀಗೆ ತೀರ್ಪು ಕೊಡುವುದಾ? ನನಗಂತೂ ಸಿಟ್ಟು ಬಂದಿತ್ತು. ಆದರೆ ಆ 17 ವರ್ಷ ಜನ ಪುಸ್ತಕ ಬಿಡಲಿಲ್ಲ.

ಮುಗಿಯದೇ ಉಳಿದದ್ದರ ಮಜಾ ಬೇಕಾದರೆ ಹಳೆಯ ಒಂದು ಪ್ರಸಂಗ ಇದೆ, ಫ್ಯಾಂಟಸಿ ಅಲ್ಲ ಅಷ್ಟೇ. ಚಾರ್ಲ್ಸ್ ಡಿಕನ್ಸ್ 1870ರಲ್ಲಿ ತೀರಿಕೊಂಡಾಗ ಎಡ್ವಿನ್ ಡ್ರೂಡ್ ಎಂಬ ಯುವಕ ಕಾಣೆಯಾದ ಕಥೆಯನ್ನು ಕಂತಿನಲ್ಲಿ ಬರೆಯುತ್ತಿದ್ದರು. 12 ಕಂತಿಗೆ ಆರು ಮಾತ್ರ ಬಂದವು. ಕೊಲೆಯಾಯಿತಾ, ಮಾಡಿದವರು ಯಾರು, ಯಾವುದೂ ತೀರ್ಮಾನವಾಗಲಿಲ್ಲ. 1914ರಲ್ಲಿ ಲಂಡನ್ನಿನಲ್ಲಿ ಸಾಹಿತಿಗಳೆಲ್ಲ ಸೇರಿ ಕಥೆಯ ಆರೋಪಿಯ ಮೇಲೆ ಅಣಕು ಕೋರ್ಟು ನಡೆಸಿದರು. ಜಿ. ಕೆ. ಚೆಸ್ಟರ್ಟನ್ ನ್ಯಾಯಾಧೀಶ, ಬರ್ನಾರ್ಡ್ ಷಾ ಜ್ಯೂರಿಯ ಮುಖ್ಯಸ್ಥ. ಕಡೆಗೆ ಚೆಸ್ಟರ್ಟನ್ ತಮ್ಮನ್ನೊಬ್ಬರನ್ನು ಬಿಟ್ಟು ಎಲ್ಲರ ಮೇಲೂ ನ್ಯಾಯಾಂಗ ನಿಂದನೆಯ ಆರೋಪ ಹೊರಿಸಿ ಎದ್ದರು. ಬರ್ನಾರ್ಡ್ ಷಾ ಅಂಥವರೇ ಇದಕ್ಕೆ ಕೂತಿದ್ದಾರೆ ಅಂದರೆ ನೀವು ಜಮಖಂಡಿಯಲ್ಲಿ ನಾಚಿಕೊಳ್ಳೋದೇನೂ ಇಲ್ಲ. ಧೈರ್ಯವಾಗಿ ಮೊದಲ ಪುಸ್ತಕ ತೆಗೆಯಿರಿ.

ಪ್ರಶ್ನೆ: ನಾನು ಮೊಬೈಲ್ ಆ್ಯಪ್ ಒಂದರಲ್ಲಿ ಕನ್ನಡ ಫ್ಯಾಂಟಸಿ ಧಾರಾವಾಹಿ ಬರೆಯುತ್ತೇನೆ. ಹಳೇ ವಿಜಾಪುರದ ಹಾಗಿರುವ ಒಂದು ಕಲ್ಪನೆಯ ರಾಜ್ಯ. ಯುದ್ಧದಲ್ಲಿ ಸತ್ತ ಅಂದುಕೊಂಡ ಅಣ್ಣನೇ ಶತ್ರುಗಳ ಮುಸುಕಿನ ಸೇನಾಪತಿ ಅನ್ನೋದು ಕೊನೆಯ ಕಂತುಗಳ ತಿರುವು. ಅರ್ಧ ದಾರಿಯಲ್ಲೇ ಒಬ್ಬ ಓದುಗ ಇದನ್ನು ಊಹಿಸಿ ನನಗೆ ಮೆಸೇಜ್ ಮಾಡಿದ್ದಾನೆ, ಬೇರೆಯವರಿಗೂ ಹೇಳಿದ್ದಾನೆ. ತಿರುವು ಬದಲಿಸಿಬಿಡಲಾ? ನಿದ್ದೆ ಬರ್ತಿಲ್ಲ ಅಕ್ಕಾರ.
(ಅಥಣಿ)

ಉತ್ತರ: ಮೊದಲು ನಿದ್ದೆ ಮಾಡಿ. ಆಮೇಲೆ ಆ ಓದುಗನಿಗೆ ಒಂದು ಥ್ಯಾಂಕ್ಸ್ ಹೇಳಿ. ತಿರುವು ಬದಲಿಸಬೇಡಿ.

ಯಾಕೆ ಅಂತ ಹೇಳುತ್ತೇನೆ. ಅವನು ಊಹಿಸಿದ್ದು ನೀವು ಸುಳಿವನ್ನು ಸರಿಯಾಗಿ ಇಟ್ಟಿದ್ದರಿಂದ. ಈಗ ಅಣ್ಣನ ಬದಲು ಸೇನಾಪತಿಯನ್ನು ಇನ್ಯಾರೋ ಮಾಡಿದರೆ ಇಲ್ಲಿಯವರೆಗೆ ಇಟ್ಟ ಸುಳಿವೆಲ್ಲ ಸುಳ್ಳಾಗುತ್ತವೆ. ಜಾನ್ ಸ್ನೋ ಗುಟ್ಟು ಬಯಲಾದಾಗ ಮಾರ್ಟಿನ್ ಅವರಿಗೂ ಇದೇ ಸಂಕಟ ಇತ್ತು. ಯಾರೋ ಕಂಡುಹಿಡಿದರು ಅಂತ ಬದಲಿಸಿದರೆ ಮೊದಲಿಂದ ಹಾಕಿದ ಅಡಿಪಾಯವೇ ಹಾಳಾಗುತ್ತದೆ, ನಾನು ಬದಲಿಸುವುದಿಲ್ಲ ಅಂತ ಅವರು ಹೇಳಿದ್ದಾರೆ. ನಿಮ್ಮ ಓದುಗರಲ್ಲಿ ಹೆಚ್ಚಿನವರು ಇನ್ನೂ ಊಹಿಸಿಲ್ಲ, ಅದನ್ನೂ ನೆನಪಿಡಿ. ಒಬ್ಬ ಜಾಣನನ್ನು ಏಮಾರಿಸೋಕೆ ಹೋಗಿ ಉಳಿದವರಿಗೆ ಮೋಸ ಮಾಡಬೇಕಾ?

ಇದು ಇವತ್ತಿನ ಕಾಟವೂ ಅಲ್ಲ. 1841ರಲ್ಲಿ ಡಿಕನ್ಸ್ ಬಾರ್ನಬಿ ರಜ್ ಅನ್ನುವ ಕಾದಂಬರಿಯನ್ನು ಕಂತಿನಲ್ಲಿ ಬರೆಯುತ್ತಿದ್ದರು. ಶುರುವಿನಲ್ಲೇ ಒಂದು ಹಳೆಯ ಕೊಲೆ. ಅಮೆರಿಕದಲ್ಲಿ ಕೂತು ಎಡ್ಗರ್ ಅಲನ್ ಪೋ, ಬಂದಷ್ಟು ಕಂತು ಓದಿ, ಕೊಲೆಗಾರ ಯಾರು ಅಂತ ಪತ್ರಿಕೆಯಲ್ಲಿ ಬರೆದೇಬಿಟ್ಟರು. ಸತ್ತ ಅಂತ ಎಲ್ಲರೂ ನಂಬಿದ್ದ ರಜ್, ಬಾರ್ನಬಿಯ ಅಪ್ಪ, ಅವನೇ ಕೊಂದವನು ಅಂತ. ಸರಿಯಾಗಿತ್ತು! ಮಿಕ್ಕ ಕೆಲವು ಊಹೆ ತಪ್ಪಿದವು, ಅದು ಬೇರೆ ಮಾತು. ಸತ್ತವನು ಸತ್ತಿಲ್ಲ ಅನ್ನುವ ನಿಮ್ಮ ತಿರುವನ್ನೇ ಪೋ ಅಂಥವರು ಆ ಕಾಲಕ್ಕೇ ಹಿಡಿದಿದ್ದರು. ಹಾಗಾಗಿ ನಿಮ್ಮ ಓದುಗ ಹಿಡಿದದ್ದರಲ್ಲಿ ನಿಮಗೆ ಅವಮಾನ ಏನಿಲ್ಲ.

ಈಗ ಮಾಡಬೇಕಾದದ್ದು. "ಯಾರು" ಅನ್ನೋದು ಬಯಲಾದರೆ ಆಗಲಿ, "ಯಾಕೆ" ಅನ್ನೋದನ್ನು ಬಿಗಿ ಮಾಡಿ. ಅಣ್ಣ ಶತ್ರುವಿನ ಕಡೆ ಯಾಕೆ ಹೋದ? ಸತ್ತನೆಂದು ಸುದ್ದಿ ತಂದವರು ಯಾರು, ಅವರಿಗೆ ಗೊತ್ತಿತ್ತಾ? ಮನೆಯಲ್ಲಿ ಯಾರಿಗಾದರೂ ಗೊತ್ತಿದ್ದು ಸುಮ್ನಿದ್ದರಾ? ತಾಯಿಗೆ ಗೊತ್ತಿತ್ತು ಅಂದರೆ ಕಥೆ ಎಲ್ಲಿಗೋ ಹೋಗುತ್ತದೆ ನೋಡಿ. ಕರ್ಣನ ಗುಟ್ಟು ಓದುಗರಾದ ನಮಗೆ ಮೊದಲೇ ಗೊತ್ತು, ಕುಂತಿಗೆ ಗೊತ್ತು. ಗೊತ್ತಿಲ್ಲದವರು ಪಾಂಡವರು. ಅರ್ಜುನ ಬಾಣ ಹೂಡಿದಾಗ ನಮಗೆ ಹೊಟ್ಟೆ ಕಿವುಚುವುದು ಅದಕ್ಕೇ. ನೀವೂ ಹಾಗೇ ಮಾಡಬಹುದು. ಕೊನೆಯವರೆಗೆ ಬಚ್ಚಿಡೋದು ಬಿಟ್ಟು, ಓದುಗನಿಗೆ ಮೊದಲೇ ಹೇಳಿಬಿಡಿ. ತಮ್ಮನಿಗೆ ಮಾತ್ರ ತಿಳಿಯದಿರಲಿ.

ಅಂದಹಾಗೆ ಹಳೇ ವಿಜಾಪುರ ಅಂದಿರಿ. ಗೋಳಗುಮ್ಮಟದ ಗ್ಯಾಲರಿಯಲ್ಲಿ ಒಂದು ಕಡೆ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಕಡೆ ನಿಂತವರಿಗೆ ಕೇಳುತ್ತದೆ, ನೀವು ಶಾಲೆ ಟ್ರಿಪ್ಪಿನಲ್ಲಿ ಹೋಗಿ ಕೂಗಾಡಿಯೇ ಇರುತ್ತೀರಿ. ನಿಮ್ಮ ರಾಜ್ಯದಲ್ಲೂ ಅಂಥದೊಂದು ಗುಮ್ಮಟ ಇರಲಿ. ತಮ್ಮ ಈ ಕಡೆ, ಮುಸುಕಿನ ಸೇನಾಪತಿ ಆ ಕಡೆ. ಮುಖ ಕಾಣಿಸುವುದಿಲ್ಲ. ಚಿಕ್ಕವರಿದ್ದಾಗ ಅಣ್ಣ ಇಟ್ಟ ಅಡ್ಡಹೆಸರು ಗೋಡೆಯೊಳಗಿಂದ ಬಂದ ಹಾಗೆ ತಮ್ಮನ ಕಿವಿಗೆ ಬೀಳಲಿ. ಮುಸುಕು ತೆಗೆಸುವ ಸೀನು ಸಾವಿರ ಸಲ ನೋಡಿದ್ದೇವೆ, ಇದು ನೋಡಿಲ್ಲ. ಬರೆದರೆ ಲಿಂಕ್ ಕಳಿಸಿ, ಓದುತ್ತೇನೆ.

ಒಂದು ಎಚ್ಚರ ಮಾತ್ರ. ಮುಚ್ಚಿಡೋಕೆ ನಿಮಗೆ ಹಕ್ಕಿದೆ, ಸುಳ್ಳು ಹೇಳೋಕೆ ಇಲ್ಲ. "ಅಣ್ಣನ ಹೆಣವನ್ನು ಅವನು ಕಣ್ಣಾರೆ ನೋಡಿದ" ಅಂತ ಹಿಂದೆ ಎಲ್ಲಾದರೂ ನೀವೇ ಬರೆದಿದ್ದೀರಾ, ಹಳೇ ಕಂತು ತೆಗೆದು ನೋಡಿ. "ರಕ್ತದಲ್ಲಿ ತೊಯ್ದ ಅಣ್ಣನ ರುಮಾಲು ನೋಡಿದ" ಅಂತಿದ್ದರೆ ಬಚಾವು.

ಪ್ರಶ್ನೆ: ನಾನು ಏಳನೆಯ ಪುಸ್ತಕದ ಅರ್ಧದಲ್ಲಿದ್ದೆ. ಗೆಳತಿ ಬಸ್ಸಿನಲ್ಲಿ ಎಲ್ಲರೆದುರು ಕೊನೆ ಹೇಳಿಬಿಟ್ಟಳು. ಮಾತು ಬಿಟ್ಟಿದ್ದೇನೆ. ನಾನು ಮಾಡಿದ್ದು ಜಾಸ್ತಿ ಆಯ್ತಾ?
(ಗೋಕಾಕ)

ಉತ್ತರ: ಇಲ್ಲ. ಗೋಕಾಕದಿಂದ ಬೆಳಗಾವಿವರೆಗೆ ಅವಳಿಂದಲೇ ಬಸ್ ಟಿಕೆಟ್ ತೆಗೆಸಿ, ಆಮೇಲೆ ರಾಜಿ ಆಗಿ. ಪುಸ್ತಕ ಮಾತ್ರ ಓದಿ ಮುಗಿಸಿ. ಏನಾಯಿತು ಅಂತ ಅವಳು ಹೇಳಿದ್ದಾಳೆ, ಹೇಗಾಯಿತು ಅಂತ ಹೇಳೋಕೆ ಅವಳಿಗೆ ಆಗಿರುವುದಿಲ್ಲ.

ಪ್ರಶ್ನೆ: ನಾನೂ ನನ್ನ ಮಾವನ ಮಗನೂ ಪಂದ್ಯ ಕಟ್ಟಿದ್ದೇವೆ. ಗೇಮ್ ಆಫ್ ಥ್ರೋನ್ಸ್‌ನ ಡ್ರ್ಯಾಗನ್ ರಾಣಿ ಡೆನೇರಿಸ್ ಸಿಂಹಾಸನ ಹತ್ತುತ್ತಾಳೆ ಅಂತ ಅವನು, ಹತ್ತುವುದಿಲ್ಲ ಅಂತ ನಾನು. ಸೋತವರು ಅಮೀನಗಡ ಕರದಂಟು ಒಂದು ಕಿಲೋ ಕೊಡಿಸಬೇಕು. ಟೀವಿಯಲ್ಲಿ ಹತ್ತಲಿಲ್ಲ, ನಾನು ಗೆದ್ದೆ ಅಂದೆ. ಪುಸ್ತಕ ಬರಲಿ ಅಂತಾನೆ. ನ್ಯಾಯ ಹೇಳಿ.
(ಇಳಕಲ್)

ಉತ್ತರ: ಪಂದ್ಯ ಕಟ್ಟುವಾಗ ಪುಸ್ತಕದ ಮೇಲೋ ಟೀವಿ ಮೇಲೋ ಅಂತ ಮಾತಾಡಿಕೊಂಡಿರಾ? ಇಲ್ಲ ಅಂದರೆ ನಿಮ್ಮ ಮಾವನ ಮಗ ಹೇಳೋದೇ ಸರಿ, ಮೇಲೆ ಟಿಳಕವಾಡಿಯವರಿಗೆ ಕೊಟ್ಟ ಉತ್ತರ ಓದಿಕೊಳ್ಳಿ. ಆದರೆ ಅವನಿಗೂ ಒಂದು ವಿಷಯ ಹೇಳಿ. ಆರನೆಯ ಪುಸ್ತಕ ಬಂದರೂ ನಿಮ್ಮ ಪಂದ್ಯ ಮುಗಿಯುವುದಿಲ್ಲ, ಮಾರ್ಟಿನ್ ಅವರ ಲೆಕ್ಕದಲ್ಲಿ ಒಟ್ಟು ಏಳು. ಅಲ್ಲಿಯವರೆಗೆ ಕಾದರೆ ಕರದಂಟು ತಿನ್ನೋಕೆ ಹಲ್ಲು ಇರಬೇಕಲ್ಲ? ಇಬ್ಬರೂ ಅರ್ಧರ್ಧ ಕಿಲೋ ತಂದು ಈ ವಾರವೇ ಮುಗಿಸಿ.